ಪೂರ್ವದ ಗೋಡೆಗೆ ಹೇಳಿದ ಮಾತು

ಲ್ಯಾಪ್‌ಟಾಪಿನ ಮುಚ್ಚಳ ತೆರೆಯದೆ, ಬರೀ ಮೂಸಿ ನೋಡಿ, ಅದರೊಳಗೆ ಎಷ್ಟು ಜಿಬಿ ರ‍್ಯಾಮ್ ಇದೆ ಎಂದು ಹೇಳಬಲ್ಲ ಗಂಡಸು ಈ ಭೂಮಂಡಲದಲ್ಲಿ ನಾನೊಬ್ಬನೇ. ನಾಲ್ಕು ಜಿಬಿಗೆ ಹುಳಿ ಹೆಚ್ಚಾದ ಮಜ್ಜಿಗೆಯ ವಾಸನೆ. ಎಂಟಕ್ಕೆ ಹುರಿಗಡಲೆ. ಹದಿನಾರಕ್ಕೆ ಇನ್ನೂ ಮಳೆ ಕಾಣದ ಹೊಸ ಛತ್ರಿ. ಒಮ್ಮೆ ಖಲೀಲನ ಅಂಗಡಿಯಲ್ಲಿ ಎಂಟು ಜಿಬಿ ಎಂದು ಚೀಟಿ ಅಂಟಿಸಿದ್ದ ಪೆಟ್ಟಿಗೆಯೊಂದಕ್ಕೆ ನಾನು ಮೂಗು ತಾಗಿಸಿದ್ದೇ ತಡ, ಅದು ಹೆದರಿ ಒಳಗೊಳಗೇ ಹನ್ನೆರಡು ಜಿಬಿ ಆಗಿಬಿಟ್ಟಿತು. ನಂಬದವರು ಖಲೀಲನನ್ನು ಕೇಳಬಹುದು. ಅವನು ಇಲ್ಲ ಎನ್ನುತ್ತಾನೆ. ವ್ಯಾಪಾರಸ್ಥ, ಗುಟ್ಟು ಬಿಟ್ಟುಕೊಡುವವನಲ್ಲ.

ನನ್ನ ಹೆಸರು ತಿಪ್ಪೇಸ್ವಾಮಿ, ಊರಿಗೆಲ್ಲ ತಿಪ್ಪೇಶಣ್ಣ. ಲಗ್ನಪತ್ರಿಕೆ, ನಾಮಕರಣದ ಕಾರ್ಡು, ಅಂಗಡಿಯ ಮುಂದಿನ ಫ್ಲೆಕ್ಸು, ಇವನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಚಂದಗಾಣಿಸಿ ಕೊಡುವುದು ನನ್ನ ಕಸುಬು. ನಾನು ಮಾಡಿಕೊಟ್ಟ ಲಗ್ನಪತ್ರಿಕೆಯಿಂದ ಮದುವೆಯಾದ ಗಂಡಹೆಂಡಿರು ಇವತ್ತಿನವರೆಗೆ ಜಗಳವಾಡಿಲ್ಲ. ನಾನೂ ನನ್ನ ಹೆಂಡತಿ ವನಜಾಕ್ಷಿಯೂ ಆಡುತ್ತೇವೆ, ಆದರೆ ನಮ್ಮದು ಬೇರೆ ಪ್ರೆಸ್ಸಿನಲ್ಲಿ ಅಚ್ಚಾದದ್ದು.

ನಮ್ಮೂರಿನ ಬೀದಿಗಳೆಲ್ಲ ಪಶ್ಚಿಮದ ಕೆರೆಯಿಂದ ಹೊರಟು ಪೂರ್ವದ ಬಯಲಿಗೆ ಹೋಗಿ ನಿಲ್ಲುತ್ತವೆ. ಮನೆಗೂ ಮನೆಗೂ ನಡುವೆ ಒಂದೇ ಗೋಡೆ. ನೀವು ಸಾದಾ ವಸ್ತುವಿಗಿಂತ ಒಂದು ಕೈ ಮೇಲಾದದ್ದನ್ನು ಮನೆಗೆ ತಂದರೆ, ಆ ಮೇಲಾದಷ್ಟು ಪೂರ್ವದ ಮನೆಯ ಅದೇ ವಸ್ತುವಿನಿಂದ ಇಳಿದುಹೋಗುತ್ತದೆ. ನೀವು ಜೋರು ಗಾಳಿಯ ಫ್ಯಾನು ಹಾಕಿಸಿದ ಸಂಜೆ ಪೂರ್ವದ ಮನೆಯವರು ಬೀಸಣಿಗೆ ಹುಡುಕುತ್ತಾರೆ. ನಿಮ್ಮ ಮಿಕ್ಸಿ ಚುರುಕಾದರೆ ಅವರ ಚಟ್ನಿಯಲ್ಲಿ ತೆಂಗಿನಕಾಯಿ ಹಲ್ಲಿಗೆ ಸಿಗುತ್ತದೆ. ಇದಕ್ಕೆ ನಾವು ಎಳೆತ ಎನ್ನುತ್ತೇವೆ. ಎಳೆದದ್ದು ಮರಳುವುದಿಲ್ಲ. ನೀವು ತಂದದ್ದನ್ನು ಬಾವಿಗೆ ಎಸೆದರೂ ಇಲ್ಲ, ಅವರು ಹೊಸದು ಕೊಂಡರೂ ಇಲ್ಲ. ಹೊಸ್ತಿಲು ದಾಟುವಾಗಲೇ ಅದು ಅಷ್ಟು ಇಳಿದಿರುತ್ತದೆ. ಪೂರ್ವದಲ್ಲಿ ಎಳೆಯಲು ಏನೂ ಇಲ್ಲದವರಿಗೆ ಮೇಲಾದದ್ದು ದಕ್ಕುವುದೇ ಇಲ್ಲ. ಹೀಗಾಗಿ ಬೀದಿಯ ಕೊನೆಯ ಮನೆಯವರು ಸಾದಾದಲ್ಲೇ ಹುಟ್ಟಿ ಸಾದಾದಲ್ಲೇ ಸಾಯುತ್ತಾರೆ, ಅದೂ ಪಶ್ಚಿಮದವರು ದಯೆಯಿಟ್ಟರೆ.

ಅದಕ್ಕೇ ಕೊಳ್ಳುವ ಮೊದಲು ಪೂರ್ವದ ಗೋಡೆಗೆ ಹೇಳುವ ಪದ್ಧತಿ ಇದೆ. ಏನೇನು ತರುತ್ತೇನೆಂದು ಗೋಡೆಯ ಮುಂದೆ ನಿಂತು ಮೂರು ಸಲ ಗಟ್ಟಿಯಾಗಿ ಹೇಳಬೇಕು. ಆಚೆಯಿಂದ ‘ಬೇಡ’ ಎಂಬ ಮಾತು ಬಂದರೆ ಅಲ್ಲಿಗೆ ಬಿಡಬೇಕು. ಬರದಿದ್ದರೆ ಒಪ್ಪಿಗೆ. ಮಾತೇ ಆಗಬೇಕು, ಕೆಮ್ಮಿದರೆ, ಅತ್ತರೆ, ಪಾತ್ರೆ ಎತ್ತಿ ಕುಕ್ಕಿದರೆ ನಡೆಯದು. ಹಿಂದಿನವರು ಯೋಚಿಸಿಯೇ ಮಾಡಿದ್ದು. ಪಾತ್ರೆ ಕುಕ್ಕಿದ್ದಕ್ಕೆಲ್ಲ ಬೆಲೆ ಕೊಟ್ಟಿದ್ದರೆ ಈ ಊರಲ್ಲಿ ಇಂದಿಗೂ ಯಾರೂ ಲಾಂದ್ರ ಬಿಟ್ಟು ಮೇಲೇಳುತ್ತಿರಲಿಲ್ಲ.

ಲ್ಯಾಪ್‌ಟಾಪು ಕೊಳ್ಳುವಾಗ ಯಾವ ಅಪ್‌ಗ್ರೇಡು ಹಾಕಿಸಬೇಕು, ಯಾವುದು ದಂಡ ಎಂದು ಇಡೀ ಊರು ನನ್ನನ್ನೇ ಕೇಳುತ್ತದೆ. ಬೆಳಗಾದರೆ ನನ್ನ ಬಾಗಿಲಲ್ಲಿ ಕೆರೆಯವರೆಗೆ ಸಾಲು. ನಾನು ಹೇಳುವುದು ಇಷ್ಟೇ. ಹಳೆ ಡಿಸ್ಕು ಬಿಟ್ಟು ಎಸ್‌ಎಸ್‌ಡಿ ಹಾಕಿಸು, ಅದಕ್ಕೆ ಯೋಚನೆಯೇ ಬೇಡ. ರ‍್ಯಾಮು ನಿನ್ನ ಕೆಲಸಕ್ಕೆ ತಕ್ಕಷ್ಟು. ಪತ್ರ ಬರೆಯುವವನಿಗೆ ಮೂವತ್ತೆರಡು ಜಿಬಿ ಯಾಕೆ, ಆನೆ ಕಟ್ಟುವುದಕ್ಕಾ? ಟಚ್‌ಸ್ಕ್ರೀನು ಬೇಡ, ಬೋಂಡಾ ತಿಂದ ಬೆರಳಿನ ಗುರುತು ಬಿಟ್ಟು ಅದರಲ್ಲಿ ಇನ್ನೇನೂ ಕಾಣುವುದಿಲ್ಲ. ಇಷ್ಟು ಯಾವ ಊರಿನ ಜಾಣನಾದರೂ ಹೇಳಿಯಾನು. ಮುಂದಿನದು ನನ್ನ ವಿದ್ಯೆ. ನಿನ್ನ ಪೂರ್ವದಲ್ಲಿ ಯಾರಿದ್ದಾರೆ ಎಂದು ಕೇಳುತ್ತೇನೆ. ಕಿವಿ ಮಂದವಾದವರಿದ್ದರೆ ಸ್ಪೀಕರು ಧಾರಾಳವಾಗಿ ಹಾಕಿಸು. ಮನೆ ಬಿಟ್ಟು ಕದಲದೆ ಪ್ಲಗ್ಗಿಗೆ ಅಂಟಿಕೊಂಡವರಿದ್ದರೆ ದೊಡ್ಡ ಬ್ಯಾಟರಿ. ನಮ್ಮೂರಿನ ನಿಂಗಜ್ಜಿಗೆ ಎರಡು ಕಣ್ಣೂ ಇಲ್ಲ, ಟಿವಿ ಕೇಳುತ್ತಾಳೆ. ಅವಳ ಪಶ್ಚಿಮದ ಮನೆ ಬಾಡಿಗೆಗೆ ಸಿಗುವುದೇ ಇಲ್ಲ. ಅಲ್ಲಿ ಇರುವವರು ಅವಳ ಟಿವಿಯ ಬಣ್ಣವನ್ನೆಲ್ಲ ಎಳೆದುಕೊಂಡು ಹಬ್ಬಕ್ಕೆ ಅವಳಿಗೆ ಎರಡು ಹೋಳಿಗೆ ಕಳಿಸುತ್ತಾರೆ. ಪುಣ್ಯವಂತರು ಎಂದು ಅಜ್ಜಿ ಹರಸುತ್ತಾಳೆ.

ನನ್ನ ಪೂರ್ವಕ್ಕೆ ಮಂಗಳಕ್ಕನ ಮನೆ. ಪೂರ್ತಿ ಹೆಸರು ಸರ್ವಮಂಗಳಾ. ಬೀದಿಯ ಕೊನೆಯ ಮನೆ ಅದು, ಆಚೆ ಬರೀ ಬಯಲು. ಬಸ್‌ಸ್ಟ್ಯಾಂಡಿನಲ್ಲಿ ಮೈಕು ಹಿಡಿದು ಬಸ್ಸು ಕೂಗುತ್ತಿದ್ದವಳು. ಅವಳು ಕೂಗಿದರೆ ಕೆರೆ ಏರಿಯ ಮೇಲೆ ಮೇಯುವ ಎಮ್ಮೆಗಳು ಕೂಡ ತಮ್ಮ ಬಸ್ಸು ಬಂತೇನೋ ಎಂದು ತಲೆಯೆತ್ತುತ್ತಿದ್ದವು. ಒಂದು ಎಮ್ಮೆ ಹತ್ತಿಯೂ ಬಿಟ್ಟಿತ್ತು, ಕಂಡಕ್ಟರ್ ಇಳಿಸಿದ. ಹೋದ ವರ್ಷ ಅವಳ ಗಂಟಲಲ್ಲಿ ಗಡ್ಡೆ ಬೆಳೆಯಿತು. ಆಪರೇಷನ್ ಮಾಡಿದವರು ಗಡ್ಡೆಯ ಜೊತೆ ದನಿಪೆಟ್ಟಿಗೆಯನ್ನೂ ತೆಗೆದರು. ಜೀವ ಉಳಿಯಿತು, ದನಿ ಹೋಯಿತು.

ಖಲೀಲ ಅವಳಿಗೊಂದು ಸಾದಾ ಲ್ಯಾಪ್‌ಟಾಪು ಹೊಂದಿಸಿಕೊಟ್ಟ. ಟೈಪು ಮಾಡಿದ್ದನ್ನು ಅದು ಓದಿ ಹೇಳುತ್ತದೆ. ಕನ್ನಡಕ್ಕೆ ಅದರಲ್ಲಿ ಇದ್ದದ್ದು ಒಂದೇ ದನಿ, ಅದೂ ಗಂಡಸಿನದು, ರೇಡಿಯೊದಲ್ಲಿ ದೊಡ್ಡವರು ತೀರಿಕೊಂಡ ಸುದ್ದಿ ಓದುವವರ ಹಾಗೆ ಏರಿಳಿತವಿಲ್ಲದ್ದು. ಮಂಗಳಕ್ಕ ಬೈದರೂ ಅದೇ ದನಿ, ಸಾರಿಗೆ ಉಪ್ಪು ಕಮ್ಮಿ ಎಂದರೂ ಅದೇ ದನಿ. ಅದನ್ನು ಮಗುವಿನ ಹಾಗೆ ಸೊಂಟಕ್ಕೆ ಆನಿಸಿಕೊಂಡು ಊರೆಲ್ಲ ತಿರುಗುತ್ತಿದ್ದಳು. ತರಕಾರಿಯವನ ಮುಂದೆ ತೆರೆದು, “ಈ ಬದನೆಕಾಯಿ ನಿಮ್ಮ ತಾತ ಬಿಟ್ಟುಹೋದ ಆಸ್ತಿಯೇನಪ್ಪ?” ಎಂದು ಆ ದನಿಯಲ್ಲಿ ಕೇಳಿಸಿದರೆ, ಅವನು ಎದ್ದು ನಿಂತು ಟವೆಲ್ಲು ಹೆಗಲಿನಿಂದ ತೆಗೆಯುತ್ತಿದ್ದ.

ಸಂಜೆ ನಮ್ಮ ಬೀದಿಯವರು ನನ್ನ ಜಗಲಿಯಲ್ಲಿ ಸೇರುವುದು ರೂಢಿ. ಮಾತು ನನ್ನದು, ಕಿವಿ ಅವರದು. ಒಂದು ಸಂಜೆ ನಾನು ಕೆರೆಯ ಮೊಸಳೆಯ ಬಾಯಿಗೆ ಕೈಹಾಕಿ ಹಲ್ಲು ಕಿತ್ತದ್ದನ್ನು ಹೇಳುತ್ತಿದ್ದೆ. ಕೈ ಇನ್ನೂ ಅದರ ಬಾಯಿಯ ಒಳಗೇ ಇತ್ತು, ಜನ ಉಸಿರು ಬಿಗಿಹಿಡಿದಿದ್ದರು. ಅಷ್ಟರಲ್ಲಿ ಮಂಗಳಕ್ಕನ ಬೆರಳು ಟಕಟಕ ಎಂದವು.

“ಮೊಸಳೆಗೆ ಮೊದಲೇ ಹಲ್ಲುನೋವಿತ್ತು,” ಎಂದಿತು ಯಂತ್ರ. “ತಿಪ್ಪೇಶಣ್ಣನ ಮಾತು ಕೇಳಿ ತಲೆನೋವೂ ಬಂತು. ಹಲ್ಲು ತಾನೇ ಕಿತ್ತು ಕೈಗೆ ಕೊಟ್ಟು, ಇನ್ನು ಹೋಗಪ್ಪಾ ಮಾರಾಯ ಅಂತು.”

ಜನ ಜಗಲಿ ಬಿಟ್ಟು ಕೆಳಗೆ ಉರುಳಿ ನಕ್ಕರು. ವನಜಾಕ್ಷಿ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ನನ್ನ ನಗುವಿಗೆ ಹೆಂಚು ಎರಡು ಸರಿದವು. ಮಾರನೆಯ ಸಂಜೆ ಜನ ಹೋಗಿ ಕೂತದ್ದು ಮಂಗಳಕ್ಕನ ಜಗಲಿಯಲ್ಲಿ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದಂತೆ.

ಅದೇ ವಾರ ಬಸ್‌ಸ್ಟ್ಯಾಂಡಿನ ಮೇಲ್ವಿಚಾರಕರು ಅವಳನ್ನು ಕರೆಸಿದ್ದರು. “ಮಷೀನು ನಿಂದೇ ತಗೊಂಬಾರಮ್ಮ, ಮೈಕ್ ಮುಂದೆ ಇಟ್ಟು ಕೂಗ್ಸು. ಬಸ್ಸು ಹೊರಡೋದ್ರೊಳಗೆ ಜನಕ್ಕೆ ಕೇಳ್ಸಿದ್ರೆ ಕೆಲಸ ನಿಂದೇ. ಆಗ್ಲಿಲ್ಲ ಅಂದ್ರೆ ನಾನು ಬೇರೆಯವ್ರನ್ನ ನೋಡ್ಬೇಕಾಗುತ್ತೆ,” ಎಂದರಂತೆ. ಸಂತೆಯ ದಿನ ಪರೀಕ್ಷೆ ಎಂದು ಗೊತ್ತಾಯಿತು. ಮಂಗಳಕ್ಕ ಮನೆಯಲ್ಲಿ ಕೂತು ದಿನವಿಡೀ ಬಸ್ಸು ಕೂಗಿಸುತ್ತಿದ್ದಳು. ಗೋಡೆಯಾಚೆಯಿಂದ ಆ ಗಂಡಸು ಹೊಳೆಯಾಚೆಗೆ, ಸಂತೆಪೇಟೆಗೆ, ಗುಡ್ಡದ ಕೆಳಗಿನ ಹಳ್ಳಿಗಳಿಗೆಲ್ಲ ಬಸ್ಸು ಬಿಟ್ಟೂ ಬಿಟ್ಟೂ ನನ್ನ ತಲೆ ಚಿಟ್ಟು ಹಿಡಿಸಿದ.

ಇನ್ನು ನನ್ನ ಕಷ್ಟ ಕೇಳಿ. ನನ್ನ ಪಶ್ಚಿಮದಲ್ಲಿ ಮದುವೆ ಮಂಟಪದ ಮಾಲೀಕ ಮಹಾಲಿಂಗಪ್ಪನವರ ಮನೆ. ಅವರ ಮಂಟಪದ ಲಗ್ನಪತ್ರಿಕೆಗಳೇ ನನ್ನ ಅನ್ನ. ಮಳೆಗಾಲದ ಮೊದಲು ಅವರು ಒಳ್ಳೆ ಪರದೆಯ ಲ್ಯಾಪ್‌ಟಾಪು ತರುತ್ತೇನೆಂದು ಗೋಡೆಗೆ ಹೇಳಿದರು. ನನ್ನ ಗಂಟಲಲ್ಲಿ ಯಾವ ಗಡ್ಡೆಯೂ ಇರಲಿಲ್ಲ, ಆದರೂ ‘ಬೇಡ’ ಹೊರಡಲಿಲ್ಲ. ಅನ್ನ ಹಾಕುವವರಿಗೆ ಬೇಡ ಎನ್ನುವುದುಂಟೇ. ಅವರ ಪರದೆಯಲ್ಲಿ ನವಿಲು ಕುಣಿಯಿತು, ನನ್ನ ಪರದೆಯ ಬಣ್ಣ ಬಿಳಿಚಿಕೊಂಡಿತು. ಅರಿಶಿನವೆಂದು ಹಾಕಿದ್ದು ಅಚ್ಚಾಗಿ ಬಂದಾಗ ಪಾಚಿ ಹಸಿರು. ಕುಂಕುಮ ಕೆಮ್ಮಣ್ಣಾಯಿತು. ಮದುಮಗಳ ಅಪ್ಪನೊಬ್ಬ ಬಂದು, “ಇದು ಮದ್ವೆ ಕಾರ್ಡಾ, ಇಲ್ಲ ತೆಂಗಿಗೆ ಹೊಡೆಯೋ ಔಷಧಿ ಚೀಟಿಯಾ?” ಎಂದು ಕೇಳಿ ಹೋದ.

“ಹೊಸ ಲ್ಯಾಪ್‌ಟಾಪ್ ತಗೊಳ್ಳಿ,” ಎಂದಳು ವನಜಾಕ್ಷಿ. “ಬಣ್ಣ ನೆಟ್ಟಗೆ ಕಾಣೋ ಸ್ಕ್ರೀನ್ ಇರೋದು. ಮಂಗಳಕ್ಕನ್ನ ನಾನೇ ಕೇಳಿದೀನಿ. ಬಣ್ಣ ಕಟ್ಕೊಂಡು ನಾನೇನ್ಮಾಡ್ಲಿ, ಅಕ್ಷರ ಕಂಡ್ರೆ ಸಾಕು, ಬೇಕಾದಷ್ಟು ಎಳ್ಕೊಳ್ಳಿ ಅಂದ್ರು.”

“ಸ್ಕ್ರೀನೊಂದೇ ನೋಡೋನು ದಡ್ಡ,” ಎಂದೆ. “ಕಾಲ ಹೇಗೆ ಓಡ್ತಿದೆ ಗೊತ್ತಾ? ಇವತ್ತು ಸ್ಪೀಡು ತಗೊಳ್ದಿದ್ರೆ ನಾಳೆ ಅಳ್ಬೇಕಾಗುತ್ತೆ.”

“ಲಗ್ನಪತ್ರಿಕೆಗೆ ಸ್ಪೀಡ್ ಯಾಕ್ರೀ? ಮುಹೂರ್ತ ಏನು ಓಡೋಗುತ್ತಾ?”

“ನಿನಗೆ ತಿಳಿಯಲ್ಲ.”

“ನನಗೆ ತಿಳಿಯಲ್ಲ ಸರಿ. ಊರಿಗೆಲ್ಲ ಬೇಕಾದಷ್ಟೇ ತಗೋ ಅಂತ ಹೇಳೋರಿಗಾದ್ರೂ ತಿಳೀಬೇಕಲ್ಲ.”

ಹೆಂಗಸರ ಜೊತೆ ಯಂತ್ರದ ಮಾತು ಆಡಬಾರದು ಎಂದು ಸುಮ್ಮನಾದೆ. ಅವಳು ಮನೆಯಲ್ಲಿಲ್ಲದ ಒಂದು ಮಧ್ಯಾಹ್ನ, ಪದ್ಧತಿ ಪ್ರಕಾರ ಕಾಲು ತೊಳೆದುಕೊಂಡು ಪೂರ್ವದ ಗೋಡೆಯ ಮುಂದೆ ನಿಂತೆ. ಇಂಥ ಪ್ರೊಸೆಸರು, ಇಷ್ಟು ರ‍್ಯಾಮು, ಇಂಥ ಜೋರಿನ ಸ್ಪೀಕರು ಎಂದು ಕಂಚಿನ ಕಂಠದಲ್ಲಿ ಮೂರು ಸಲ ಹೇಳಿದೆ. ಆಚೆಯಿಂದ ಒಂದು ಸೊಳ್ಳೆ ಕೂಡ ಗುಂಯ್ ಎನ್ನಲಿಲ್ಲ. ಒಪ್ಪಿಗೆಯೆಂದರೆ ಇದು, ಎಂದುಕೊಂಡು ಹಿತ್ತಲ ಕಡೆಯಿಂದ ಅಂಗಡಿಗೆ ಹೊರಟೆ. ಹಿತ್ತಲ ದಾರಿ ಹತ್ತಿರ.

ಖಲೀಲ ಎರಡು ಲ್ಯಾಪ್‌ಟಾಪು ತೆಗೆದು ಮೇಜಿನ ಮೇಲಿಟ್ಟ. “ಇದ್ರಲ್ಲಿ ಸ್ಕ್ರೀನ್ ಫಸ್ಟ್ ಕ್ಲಾಸ್, ಮಿಕ್ಕಿದ್ದೆಲ್ಲ ಸಾದಾ. ನಿಮ್ಮ ಕೆಲಸಕ್ಕೆ ಹೇಳಿ ಮಾಡ್ಸಿದ್ದು. ಇನ್ನೊಂದ್ರಲ್ಲಿ ಸ್ಪೀಡು, ರ‍್ಯಾಮು, ಸ್ಪೀಕರು ಜಬರ್ದಸ್ತ್. ಸ್ಕ್ರೀನ್ ಮಾತ್ರ ಸಾದಾ. ಅಣ್ಣನಿಗೆ ನಾನು ಹೇಳೋದೇನಿದೆ.”

ನಾನು ಎರಡನೆಯದರ ಮೇಲೆ ಕೈಯಿಟ್ಟೆ. ಖಲೀಲ ನನ್ನ ಕೈಯನ್ನೇ ನೋಡಿದ.

“ಗೋಡೆಗೆ ಹೇಳಿದ್ರಾ ಅಣ್ಣ?”

“ಹೇಳಿದೆ.”

“ಅಕ್ಕ ಏನೂ ಅನ್ಲಿಲ್ವಾ?”

“ಏನೂ ಅನ್ಲಿಲ್ಲ.”

ಅವನು ಮೇಜು ಒರೆಸುವ ಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. “ಅವರ ಮಷೀನು ಮೊದ್ಲೇ ಸಾದಾ. ಅದ್ರಲ್ಲಿ ಸ್ಪೀಡ್ ಹೋದ್ರೆ ಮಾತು ತಡ ಆ‌ಗುತ್ತೆ, ಸ್ಪೀಕರ್ ಹೋದ್ರೆ ಕೇಳೋದೇ ಇಲ್ಲ. ಸಂತೆ ದಿನ ಅವರಿಗೆ ಪರೀಕ್ಷೆ ಬೇರೆ ಇದೆ. ಸ್ಕ್ರೀನಿಂದು ತಗೊಳ್ಳಿ. ಹೋಗಿ ಗೋಡೆಗೆ ಮತ್ತೊಂದ್ಸಲ ಹೇಳ್ಕೊಂಬನ್ನಿ, ನಾನು ಅಂಗ್ಡಿ ಮುಚ್ದೆ ಕಾಯ್ತೀನಿ.”

“ಒಪ್ಪಿದ ಮೇಲೆ ಮತ್ತೆ ಕೇಳೋದು ಅವರಿಗೆ ಅವಮಾನ ಮಾಡ್ದಂಗೆ ಖಲೀಲ್,” ಎಂದೆ. ಇಂಥ ಮಾತು ಆ ಹೊತ್ತಿಗೆ ಹೊಳೆಯುವುದು ಕೋಟಿಗೊಬ್ಬರಿಗೆ. ಯಾವ ವ್ಯಾಪಾರಕ್ಕೂ ಕೈಕುಲುಕುವ ಖಲೀಲ ಅವತ್ತು ಪೆಟ್ಟಿಗೆಯನ್ನು ಮೇಜಿನ ಮೇಲೆ ತಳ್ಳಿದ.

ಆ ಲ್ಯಾಪ್‌ಟಾಪಿನ ವೇಗವನ್ನು ಏನೆಂದು ಹೇಳಲಿ. ಗುಂಡಿ ಒತ್ತಬೇಕು ಎಂದುಕೊಳ್ಳುವಷ್ಟರಲ್ಲಿ ತೆರೆದು ಕೂತಿರುತ್ತದೆ. ಒಂದು ಬೆಳಿಗ್ಗೆ ನೋಡುತ್ತೇನೆ, ಯಾರೂ ಹೇಳದ ಲಗ್ನಪತ್ರಿಕೆಯೊಂದನ್ನು ತಾನೇ ಮುಗಿಸಿ ಇಟ್ಟಿತ್ತು. ಆಮೇಲೆ ವಿಚಾರಿಸಿದರೆ ಆ ಹುಡುಗಿಗೆ ಇನ್ನೂ ಗಂಡು ನೋಡುತ್ತಿದ್ದರು. ಅರಿಶಿನ ಮಾತ್ರ ಮೊದಲಿನಂತೆ ಪಾಚಿ ಹಸಿರು. ಈಗ ಅದು ಕಣ್ಣುಮಿಟುಕಿಸುವುದರೊಳಗೆ ಹಸಿರಾಗುತ್ತದೆ, ಅಷ್ಟೇ ವ್ಯತ್ಯಾಸ.

ಅದನ್ನು ಮನೆಗೆ ತಂದ ದಿನವೇ ಸಂಜೆ ಮಂಗಳಕ್ಕನ ಜಗಲಿಯಲ್ಲಿ ನಾನೂ ಹೋಗಿ ಕೂತಿದ್ದೆ. ಯಾರೋ ತಮ್ಮ ಅತ್ತೆ ಊರಿಂದ ಬಂದು ಹೋಗದೇ ಇರುವ ಸುದ್ದಿ ತೆಗೆದರು. ಮಂಗಳಕ್ಕ ಟಕಟಕ ಎಂದು ಏನೋ ಒತ್ತಿ, ಎಂದಿನಂತೆ ಹುಬ್ಬು ಏರಿಸಿದಳು. ಯಂತ್ರ ಸುಮ್ಮನಿತ್ತು. ಮಾತು ಅತ್ತೆಯನ್ನು ಬಿಟ್ಟು ಮಳೆಗೆ ಹೋಯಿತು, ಮಳೆಯಿಂದ ಈರುಳ್ಳಿಗೆ ಬಂತು. ಜನ ಆಕಳಿಸಿ ಎದ್ದು ಚಪ್ಪಲಿ ಹುಡುಕುವಾಗ ಯಂತ್ರ, ಬಾವಿಯ ತಳದಿಂದ ಮಾತಾಡುವವರ ಹಾಗೆ, ಅತ್ತೆಯ ಬಗ್ಗೆ ಏನೋ ಒಂದು ಹೇಳಿತು. ಒಳ್ಳೆಯ ಮಾತೇ ಇರಬೇಕು. ಯಾರಿಗೂ ಕೇಳಿಸಲಿಲ್ಲ. ಮಂಗಳಕ್ಕ ಯಂತ್ರವನ್ನು ಮಗುಚಿ ನೋಡಿದಳು, ಬೆನ್ನಿಗೆ ತಟ್ಟಿದಳು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಮಳೆಯ ಬಗ್ಗೆ ಏನೋ ಹೇಳಿದೆ. ಮರುದಿನದಿಂದ ಜನ ನನ್ನ ಜಗಲಿಗೆ ವಾಪಸಾದರು.

ಸಂತೆಯ ದಿನ ನಾನೂ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ, ಲಗ್ನಪತ್ರಿಕೆಯ ಕಟ್ಟೊಂದನ್ನು ಬಸ್ಸಿಗೆ ಹಾಕುವುದಿತ್ತು. ಮೈಕಿನ ಗೂಡಿನಲ್ಲಿ ಮಂಗಳಕ್ಕ ಹೊಸ ಸೀರೆಯುಟ್ಟು ಕೂತಿದ್ದಳು, ಪಕ್ಕದಲ್ಲಿ ನನ್ನ ಹೆಂಡತಿ. ಮೇಲ್ವಿಚಾರಕರು ಕೈಕಟ್ಟಿ ಹಿಂದೆ ನಿಂತಿದ್ದರು. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಯಾವ ಬಸ್ಸು ಯಾವ ಮೂಲೆಯಲ್ಲಿ ನಿಲ್ಲುತ್ತದೆಂಬುದು ಬಸ್ಸು ಒಳಗೆ ನುಗ್ಗಿದ ಮೇಲೆಯೇ ಗೊತ್ತಾಗುವುದು. ಹೊಳೆಯಾಚೆಯ ಬಸ್ಸು ಬಂದು ನೆಲ್ಲಿಮರದ ಹಿಂದೆ ನಿಂತಿತು. ಮಂಗಳಕ್ಕನ ಬೆರಳು ಓಡಿದವು. ಅವಳ ಬೆರಳಿನಲ್ಲಿ ಯಾವ ತಡವೂ ಇರಲಿಲ್ಲ. ವನಜಾಕ್ಷಿ ಮೈಕನ್ನು ಯಂತ್ರದ ಬಾಯಿಗೆ ಒತ್ತಿ ಹಿಡಿದಳು. ಜನ ಈ ಕಡೆ ಆ ಕಡೆ ನೋಡುತ್ತ ನಿಂತರು. ಕೋಳಿಬುಟ್ಟಿ ಹೊತ್ತ ಮುದುಕನೊಬ್ಬ ಗೂಡಿನ ಕಿಟಕಿಗೆ ಬಂದು, “ಹೊಳೆಯಾಚೆದು ಎಲ್ಲವ್ವಾ?” ಎಂದು ಕೇಳಿದ. ಮಂಗಳಕ್ಕ ಕೈಯೆತ್ತಿ ಮರದ ಕಡೆ ತೋರಿಸುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಬಸ್ಸು ಧೂಳೆಬ್ಬಿಸಿ ಹೋಯಿತು. ಮುದುಕ ಬುಟ್ಟಿಯ ಜೊತೆ ಅದರ ಹಿಂದೆ ಒಂದಷ್ಟು ದೂರ ಓಡಿ ನಿಂತ.

ಬಸ್ಸು ಕೆರೆ ಏರಿ ದಾಟಿದ ಮೇಲೆ ಮೈಕಿನಿಂದ ಆ ಗಂಡಸಿನ ದನಿ ಬಂತು. “ಹೊಳೆಯಾಚೆಗೆ ಹೋಗುವ ಬಸ್ಸು ನೆಲ್ಲಿಮರದ ಹಿಂದೆ ನಿಂತಿದೆ. ಪ್ರಯಾಣಿಕರು ನಿಧಾನವಾಗಿ ಹತ್ತಬೇಕು.”

“ಹೋದ ಬಸ್ಸಿಗೆ ತಿಥಿ ಮಾಡ್ತಿದೆ ಕಣ್ರೋ,” ಎಂದ ಒಬ್ಬ. ಸಂತೆಯ ಜನ ನಗಲು ಸಿಕ್ಕರೆ ಬಿಡುವವರಲ್ಲ. ಇನ್ನೊಂದು ಬಸ್ಸಿಗೂ ಹಾಗೇ ಆಯಿತು, ಮತ್ತೊಂದಕ್ಕೂ. ಜನ ಈಗ ಬಸ್ಸು ಬಿಟ್ಟು ಆ ದನಿಗಾಗಿ ಕಾಯತೊಡಗಿದ್ದರು. ಮೇಲ್ವಿಚಾರಕರು ಕಟ್ಟಿದ ಕೈ ಬಿಚ್ಚಿ ಮೈಕನ್ನು ಮೆಲ್ಲಗೆ ಎತ್ತಿಟ್ಟರು. “ಆಯ್ತಮ್ಮ, ಮನೆಗೆ ಹೋಗು,” ಎಂದರು. “ಬಿಸಿಲೇರ್ತಿದೆ.” ಅವರು ಕೆಟ್ಟವರಲ್ಲ. ಮಂಗಳಕ್ಕ ಏನೋ ಹೇಳಲು ಟೈಪು ಮಾಡಿದಳು. ಅವರು ಸ್ವಲ್ಪ ಹೊತ್ತು ಕಾದರು, ಕೈಗಡಿಯಾರ ನೋಡಿಕೊಂಡರು, ಹೋದರು.

ಮಧ್ಯಾಹ್ನ ನಾನು ಮನೆಯಲ್ಲಿ ಹೊಸ ಲ್ಯಾಪ್‌ಟಾಪಿನ ಮುಂದೆ ಇದ್ದೆ. ವನಜಾಕ್ಷಿ ಒಳಗೆ ಬಂದಳು, ಹಿಂದೆಯೇ ಮಂಗಳಕ್ಕ, ಯಂತ್ರವನ್ನು ಎದೆಗೆ ಅವುಚಿಕೊಂಡು. ಹೊಸ ಸೀರೆಯ ಅಂಚಿಗೆಲ್ಲ ಧೂಳು. ವನಜಾಕ್ಷಿ ಚೀಲವನ್ನು ಕೆಳಗಿಡಲಿಲ್ಲ.

“ಗೋಡೆಗೆ ಯಾವತ್ತು ಹೇಳಿದ್ರಿ?”

“ಹೇಳಿದ್ನಲ್ಲ, ಅವತ್ತು. ನೀನು ಇರ್ಲಿಲ್ಲ.”

“ನಾನು ಎಲ್ಲಿಗೆ ಹೋಗಿದ್ದೆ?”

“ನನಗೇನ್ ಗೊತ್ತು. ರಾಗಿ ಬೀಸ್ಸೋಕೆ ಅಂತ ಹೋದೆ.”

“ಬೀಸ್ಕೊಂಬಂದ್ನಾ?”

ನಾನು ಲ್ಯಾಪ್‌ಟಾಪಿನ ಮುಚ್ಚಳ ಹಾಕಿದೆ. ಅವಳು ಬೀಸಿಸಿಕೊಂಡು ಬಂದಿರಲಿಲ್ಲ. ಗಿರಣಿಯ ಬಾಗಿಲಲ್ಲಿ ಕಾದು ಕಾದು ರಾಗಿಯನ್ನು ಹಾಗೇ ಹೊತ್ತು ತಂದಿದ್ದಳು.

“ಅವತ್ತು ಲೈನ್ ರಿಪೇರಿ, ಬೆಳಿಗ್ಗೆಯಿಂದ ಊರಿಗೇ ಕರೆಂಟಿರ್ಲಿಲ್ಲ,” ಎಂದಳು. “ಅಕ್ಕನ ಮಷೀನು ಚಾರ್ಜ್ ಮುಗಿದು ಹತ್ತು ಗಂಟೆಗೇ ಆಫ್ ಆಗಿತ್ತು. ಬೇಡ ಅಂತ ಅವರು ಯಾವ ಬಾಯಲ್ಲಿ ಹೇಳ್ಬೇಕಿತ್ತು?”

“ಕರೆಂಟ್ ತೆಗೆಯೋನು ನಾನಾ? ಬೇಡ ಅನ್ನೋದಿದ್ರೆ ಓಡಿ ಬರ್ಬೋದಿತ್ತು. ಗೋಡೆನಾದ್ರೂ ಬಡೀಬೋದಿತ್ತು. ಒಂದು ಸದ್ದಿಲ್ಲ ಆ ಕಡೆಯಿಂದ. ನನ್ನ ಕಿವಿ ಎಂಥದ್ದು ಅಂತ ಊರಿಗೇ ಗೊತ್ತು.”

ಮಂಗಳಕ್ಕ ಯಂತ್ರವನ್ನು ಮೇಜಿನ ಮೇಲಿಟ್ಟು ಬಲಗೈ ಚಾಚಿದಳು. ಅಂಗೈಯ ಬುಡದಲ್ಲಿ ಮಾಗುತ್ತಿರುವ ಗಾಯ, ಸುತ್ತ ಹೆಪ್ಪುಗಟ್ಟಿ ಹಳದಿಗೆ ತಿರುಗಿದ ಕಲೆ.

“ಓ, ಅದಾ,” ಎಂದೆ. “ಏನೋ ಧಡಧಡ ಅಂತಿತ್ತಪ್ಪ. ಮಸಾಲೆ ಕುಟ್ತಿದ್ದಾರೆ ಅಂದ್ಕೊಂಡೆ.”

ಮಾತು ಬಾಯಿಂದ ಹೊರಬಿದ್ದ ಮೇಲೆ ಅದನ್ನು ನಾನೇ ಕೇಳಿಸಿಕೊಂಡೆ. ವನಜಾಕ್ಷಿ ಬೈಯಲಿಲ್ಲ. ಇಷ್ಟು ವರ್ಷದಲ್ಲಿ ಅವಳು ನನ್ನನ್ನು ಬೈಯದೆ ನೋಡಿದ್ದು ಅದೇ ಮೊದಲು.

“ಈಗ ತಾನೇ ಸದ್ದೇ ಇರ್ಲಿಲ್ಲ ಅಂದ್ರಿ,” ಎಂದಳು. “ಆಪರೇಷನ್ ಆದ್ಮೇಲೆ ಅಕ್ಕ ಖಾರದ್ದು ಏನ್ ತಿಂದಿದಾರೆ ಹೇಳಿ, ಮಸಾಲೆ ಕುಟ್ಟೋಕೆ.”

ಮಂಗಳಕ್ಕ ಟೈಪು ಮಾಡಿದಳು. ಎರಡೇ ಅಕ್ಷರದಷ್ಟು ಬೆರಳು ಆಡಿದವು. ಪರದೆಯನ್ನು ನನ್ನ ಕಡೆ ತಿರುಗಿಸಿದ್ದರೆ ಓದಿಬಿಡಬಹುದಿತ್ತು. ತಿರುಗಿಸಲಿಲ್ಲ. ಯಂತ್ರವೇ ಹೇಳಲಿ ಎಂದು ಕೈ ಕಟ್ಟಿ ಕೂತಳು. ನಾವು ಕಾದೆವು. ಬೀದಿಯಲ್ಲಿ ಬಳೆಯವನು ಕೂಗುತ್ತ ಬಂದು, ಕೂಗುತ್ತ ಹೋದ. ಒಲೆಯ ಮೇಲಿನ ಹಾಲು ಉಕ್ಕಿ ಸೀದ ವಾಸನೆ ಬಂದರೂ ವನಜಾಕ್ಷಿ ಕದಲಲಿಲ್ಲ. ಅಷ್ಟು ಹೊತ್ತಿನಲ್ಲಿ ನಾನು ಹತ್ತು ಕಥೆ ಕಟ್ಟಬಲ್ಲವನು, ಕಟ್ಟಿದೆ ಕೂಡ. ಒಂದೊಂದೂ ನಾಲಗೆಯ ತುದಿಗೆ ಬಂದು, ಆ ಸುಮ್ಮನಿರುವ ಯಂತ್ರವನ್ನು ನೋಡಿ, ಹಿಂದಕ್ಕೆ ಹೋಯಿತು.

“ಯಾಕೆ,” ಎಂದಿತು ಯಂತ್ರ, ಬಾವಿಯ ತಳದಿಂದ.

“ಕೇಳಿಸ್ತು ಮಂಗಳಕ್ಕ,” ಎಂದೆ. “ಮೊದಲ್ನೇ ಸಲ ಹೇಳ್ವಾಗ್ಲೇ ಕೇಳಿಸ್ತು. ಗಾರೆ ಉದುರ್ತಿತ್ತು. ಅದಕ್ಕೇ ಇನ್ನೂ ಜೋರಾಗಿ ಹೇಳ್ದೆ. ಬೆಳಿಗ್ಗೆಯಿಂದ ನಿಮ್ಮ ಮಷೀನು ಆಫ್ ಆಗೋದನ್ನೇ ಕಾಯ್ತಿದ್ದೆ. ನೀವು ಬಂದು ಬಾಗಿಲು ಬಡಿದ್ರಿ, ಅಗುಳಿ ಹಾಕಿತ್ತು. ನಾನು ಹಿತ್ತಲಿಂದ ಹೋದೆ.”

“ಪರೀಕ್ಷೆ ವಿಷಯ ನೆನಪಿತ್ತಾ ನಿಮಗೆ?” ಎಂದಳು ವನಜಾಕ್ಷಿ.

“ಇತ್ತು. ಖಲೀಲನೂ ಹೇಳ್ದ.”

ಮಂಗಳಕ್ಕ ಇನ್ನೂ ನನ್ನನ್ನೇ ನೋಡುತ್ತಿದ್ದಳು. ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟಿರಲಿಲ್ಲ.

“ಆ ಸ್ಪೀಡು ನನಗೆ ಯಾವ ಕೆಲಸಕ್ಕೂ ಬೇಕಿರ್ಲಿಲ್ಲ,” ಎಂದೆ. “ನಿಮ್ಮ ಹತ್ರ ಇರಬಾರ್ದು ಅಂತ ತಗೊಂಡೆ. ಜನ ನಿಮ್ಮ ಮಾತಿಗೆ ನಗ್ತಿದ್ರು. ನನ್ನ ಮಾತಿಗೆ ಅವರು ಯಾವತ್ತೂ ಹಾಗೆ ನಕ್ಕಿಲ್ಲ.”